ಬಿ.ಕಾಂ. ಮುಗಿಸಿ ಬ್ಯಾಂಕ್ ಕೆಲಸಕ್ಕೆ ಪ್ರಯತ್ನಿಸುತ್ತಿದ್ದೇನೆ: ಕಲಬುರಗಿ ಕಡೆಯವರು ಯಾವ ದಾರಿ ಹಿಡಿಯುವುದು ಒಳ್ಳೆಯದು?

ಪ್ರಶ್ನೆ | ಜೇವರ್ಗಿ ಬಿ.ಕಾಂ.

ಎಲ್ಲರಿಗೂ ನಮಸ್ಕಾರ. ನಾನು ಜೇವರ್ಗಿ ತಾಲ್ಲೂಕಿನವಳು. ಹತ್ತನೆಯ ತರಗತಿಯವರೆಗೆ ಊರಿನ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಆಮೇಲೆ ಕಲಬುರಗಿಯಲ್ಲಿದ್ದುಕೊಂಡು ಗುಲಬರ್ಗಾ ವಿಶ್ವವಿದ್ಯಾಲಯದ ಬಿ.ಕಾಂ. ಪದವಿಯನ್ನು ಪ್ರಥಮ ದರ್ಜೆಯಲ್ಲಿ ಮುಗಿಸಿದ್ದೇನೆ. ಈಗ ವಯಸ್ಸು 24. ಸರ್ಕಾರಿ ಬ್ಯಾಂಕುಗಳ ನೇಮಕಾತಿಗೆ ನಡೆಯುವ ಐಬಿಪಿಎಸ್ ಕ್ಲರ್ಕ್ ಪರೀಕ್ಷೆಯಲ್ಲಿ ಮೊದಲ ಸಲ ಪ್ರಿಲಿಮ್ಸ್‌ನಲ್ಲೇ ನಿಂತುಹೋದೆ. ಕಳೆದ ಸಲ ಪ್ರಿಲಿಮ್ಸ್ ಆಯಿತು, ಮೇನ್ಸ್‌ನಲ್ಲಿ ಕಟ್‌ಆಫ್ ಮುಟ್ಟಲಿಲ್ಲ.

ಈ ನಡುವೆ ಖಾಸಗಿ ಬ್ಯಾಂಕೊಂದರ ಸಂದರ್ಶನಕ್ಕೂ ಹೋಗಿದ್ದೆ. ಜಾಹೀರಾತಿನಲ್ಲಿ ಹುದ್ದೆಯ ಹೆಸರು ರಿಲೇಷನ್‌ಶಿಪ್ ಆಫೀಸರ್ ಎಂದಿತ್ತು. ಒಳಗೆ ಕರೆದು ಕೇಳಿದ ಮೊದಲ ಪ್ರಶ್ನೆ, ಸ್ವಂತ ಗಾಡಿ ಇದೆಯೇ ಎಂಬುದು. ಎರಡನೆಯದು, ಊರಲ್ಲಿ ಖಾತೆ ತೆರೆಸುವಷ್ಟು ಪರಿಚಯಸ್ಥರು ಎಷ್ಟು ಜನ ಇದ್ದಾರೆ ಎಂಬುದು. ಡೆಬಿಟ್, ಕ್ರೆಡಿಟ್ ಬಗ್ಗೆ ಯಾರೂ ಒಂದು ಮಾತನ್ನೂ ಕೇಳಲಿಲ್ಲ. ಇನ್ನೊಂದು ಕಡೆ ಕನ್ಸಲ್ಟೆನ್ಸಿಯವರು ಬ್ಯಾಂಕಿಗೆ ನೇರ ನೇಮಕಾತಿ ಮಾಡಿಸುತ್ತೇವೆ, ಮೊದಲು ಠೇವಣಿ ಕಟ್ಟಿ ಎಂದರು. ತಂದೆಯವರು ತೊಗರಿ ಮಾರಿದ ಹಣವನ್ನು ಅಲ್ಲಿ ಕಟ್ಟಲು ನನಗೆ ಮನಸ್ಸು ಬರಲಿಲ್ಲ.

ಈಗ ನಮ್ಮ ತಾಲ್ಲೂಕಿನಲ್ಲೇ ಮೈಕ್ರೋಫೈನಾನ್ಸ್ ಸಂಸ್ಥೆಯೊಂದು ಫೀಲ್ಡ್ ಆಫೀಸರ್ ಕೆಲಸ ಕೊಡುತ್ತೇನೆನ್ನುತ್ತಿದೆ. ಅದನ್ನು ಹಿಡಿಯಬೇಕೋ, ಧಾರವಾಡಕ್ಕೋ ವಿಜಯಪುರಕ್ಕೋ ಕೋಚಿಂಗ್‌ಗೆ ಹೋಗಬೇಕೋ, ಎಂ.ಕಾಂ. ಸೇರಬೇಕೋ ತಿಳಿಯುತ್ತಿಲ್ಲ. 371ಜೆ ಪ್ರಮಾಣಪತ್ರ ಇದ್ದರೆ ನಮ್ಮ ಭಾಗದವರಿಗೆ ಬ್ಯಾಂಕಿನಲ್ಲೂ ಮೀಸಲಾತಿ ಸಿಗುತ್ತದೆ ಎಂದು ಗೆಳತಿಯರು ಹೇಳುತ್ತಾರೆ. ಮನೆಯಲ್ಲಿ ಇನ್ನೊಂದು ವರ್ಷ ಕಾಯಲು ಒಪ್ಪಿದ್ದಾರೆ. ಈ ಹಾದಿಯಲ್ಲಿ ನಡೆದವರು ದಯವಿಟ್ಟು ತಿಳಿಸಿ.

ಉತ್ತರ | ಗ್ರಾಮೀಣ ಶಾಖೆ, ಯಾದಗಿರಿ ಜಿಲ್ಲೆ

ತಂಗಿ, ನಾನು ಗ್ರಾಮೀಣ ಬ್ಯಾಂಕಿನಲ್ಲಿ ಆಫೀಸ್ ಅಸಿಸ್ಟೆಂಟ್ ಆಗಿದ್ದೇನೆ. ನೀವು ಇಷ್ಟೆಲ್ಲ ಬರೆದಿದ್ದರೂ ಗ್ರಾಮೀಣ ಬ್ಯಾಂಕ್ ಪರೀಕ್ಷೆಯ ಹೆಸರನ್ನೇ ಎತ್ತಿಲ್ಲವಲ್ಲ ಎಂಬುದೇ ನನಗೆ ಆಶ್ಚರ್ಯ. ಇದನ್ನೂ ಐಬಿಪಿಎಸ್ ಸಂಸ್ಥೆಯೇ ನಡೆಸುತ್ತದೆ. ಇದರ ಹೆಸರು ಆರ್‌ಆರ್‌ಬಿ ಎಂದೊಡನೆ ನಮ್ಮ ಹುಡುಗರು ವಾಡಿ ಜಂಕ್ಷನ್ ನೆನೆದು ರೈಲ್ವೆ ಪರೀಕ್ಷೆ ಎಂದುಕೊಂಡು ಮುಂದೆ ಹೋಗಿಬಿಡುತ್ತಾರೆ. ಇದು ಪ್ರಾದೇಶಿಕ ಗ್ರಾಮೀಣ ಬ್ಯಾಂಕುಗಳ ಪರೀಕ್ಷೆ.

ನೀವು ಬರೆದ ಕ್ಲರ್ಕ್ ಪ್ರಿಲಿಮ್ಸ್‌ನಲ್ಲಿ ಇಂಗ್ಲಿಷ್ 30, ಗಣಿತ 35, ರೀಸನಿಂಗ್ 35, ಹೀಗೆ ಒಟ್ಟು 100 ಪ್ರಶ್ನೆಗಳಿಗೆ ಒಂದು ಗಂಟೆ. ಒಂದೊಂದು ವಿಭಾಗಕ್ಕೆ 20 ನಿಮಿಷ ಕಟ್ಟುನಿಟ್ಟು. ಗ್ರಾಮೀಣ ಬ್ಯಾಂಕಿನ ಆಫೀಸ್ ಅಸಿಸ್ಟೆಂಟ್ ಪ್ರಿಲಿಮ್ಸ್‌ನಲ್ಲಿ ಗಣಿತ 40, ರೀಸನಿಂಗ್ 40 ಮಾತ್ರ, ಒಟ್ಟು 45 ನಿಮಿಷ. ಇಂಗ್ಲಿಷ್ ಇಲ್ಲವೇ ಇಲ್ಲ. ಅದು ಬರುವುದು ಮೇನ್ಸ್‌ನಲ್ಲಿ. ಅಲ್ಲಿಯೂ ಇಂಗ್ಲಿಷ್ ಬೇಡವೆಂದರೆ ಹಿಂದಿಯನ್ನು ಆರಿಸಿಕೊಳ್ಳಬಹುದು. ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಯನ್ನು ಕನ್ನಡವೂ ಸೇರಿದಂತೆ ಪ್ರಾದೇಶಿಕ ಭಾಷೆಗಳಲ್ಲಿ ನಡೆಸುವುದಾಗಿ ಕೇಂದ್ರ ಸರ್ಕಾರ 2019ರಲ್ಲಿಯೇ ಘೋಷಿಸಿತು. ಕ್ಲರ್ಕ್ ಪರೀಕ್ಷೆಗೆ ಆ ಅವಕಾಶ ಬಂದದ್ದು ಅದಾದ ಮೇಲೆ. ಎರಡರಲ್ಲಿಯೂ ಸಂದರ್ಶನವಿಲ್ಲ. ಪ್ರಿಲಿಮ್ಸ್ ಅಂಕಗಳು ಬಾಗಿಲು ದಾಟಲು ಮಾತ್ರ. ಆಯ್ಕೆ ನಿಲ್ಲುವುದು ಮೇನ್ಸ್ ಅಂಕದ ಮೇಲೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇದಕ್ಕಿಂತ ಹದವಾದ ದಾರಿ ಬೇರೆಯಿಲ್ಲ ಎಂದು ನನ್ನ ಅಭಿಪ್ರಾಯ.

ಒಂದು ವಿಷಯ ಮೊದಲೇ ತಿಳಿದಿರಲಿ. ಹಿಂದೆ ಕಲಬುರಗಿಯಲ್ಲಿಯೇ ಪ್ರಧಾನ ಕಚೇರಿಯಿದ್ದ ಕೃಷ್ಣಾ ಗ್ರಾಮೀಣ ಬ್ಯಾಂಕ್ ವಿಲೀನವಾಗುತ್ತ ಆಗುತ್ತ, 2025ರ ಮೇ 1ರಿಂದ ಇಡೀ ರಾಜ್ಯಕ್ಕೆ ಬಳ್ಳಾರಿಯಲ್ಲಿ ಪ್ರಧಾನ ಕಚೇರಿಯಿರುವ ಕರ್ನಾಟಕ ಗ್ರಾಮೀಣ ಬ್ಯಾಂಕ್ ಒಂದೇ ಉಳಿದಿದೆ. ಆದ್ದರಿಂದ ಆಯ್ಕೆಯಾದರೆ ಜೇವರ್ಗಿಯಲ್ಲೋ ಶಹಾಪುರದಲ್ಲೋ ಕುಳಿತುಕೊಳ್ಳಬಹುದು ಎಂದು ಲೆಕ್ಕ ಹಾಕಬೇಡಿ. ಚಾಮರಾಜನಗರಕ್ಕೆ ಹಾಕಿದರೂ ಹೊರಡುವ ಮನಸ್ಸಿರಲಿ.

ಕೆಲಸದ ಸ್ವರೂಪವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಹೊರಗಿನಿಂದ ನೋಡುವವರಿಗೆ ಏಸಿ ಕೋಣೆಯ ಕುರ್ಚಿ ಮಾತ್ರ ಕಾಣುತ್ತದೆ. ಮುಂಗಾರಿಗೆ ಮುಂಚೆ ಬೆಳೆಸಾಲದ ನವೀಕರಣಕ್ಕೆ ಪಹಣಿ ಹಿಡಿದು ಬಂದವರ ಸಾಲು ಮೆಟ್ಟಿಲವರೆಗೆ ನಿಂತಿರುತ್ತದೆ. ಅದರ ಮಧ್ಯೆ ಗೃಹಲಕ್ಷ್ಮಿಯ 2,000 ರೂಪಾಯಿ ಬಂದಿದೆಯೇ ನೋಡು ಎಂದು ಪಾಸ್‌ಬುಕ್ ಚಾಚುವ ಕೈಗಳು. ಹೊಲದಲ್ಲಿ ದುಡಿದು ಬೆರಳಿನ ಗೆರೆಯೇ ಸವೆದುಹೋದ ಮುದುಕಿಯ ಹೆಬ್ಬೆಟ್ಟನ್ನು ಯಂತ್ರ ಒಪ್ಪುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ, ತೋರುಬೆರಳು, ನಡುಬೆರಳು ಎಂದು ಒಂದೊಂದಾಗಿ ಇಡಿಸುವಷ್ಟರಲ್ಲಿ ಹಿಂದೆ ನಿಂತವರು ಕೂಗಾಡುತ್ತಾರೆ. ಇದನ್ನು ಸಹಿಸುವ ತಾಳ್ಮೆ ಇದ್ದರೆ ಕೆಲಸ ಚೆನ್ನಾಗಿದೆ. ನನಗಂತೂ ಹಿಡಿಸಿದೆ.

ಉತ್ತರ | ನಿವೃತ್ತ ವ್ಯವಸ್ಥಾಪಕ, ಬೀದರ್

ತಂಗಿ, 371ಜೆ ವಿಷಯವನ್ನು ಮೊದಲು ಬಿಡಿಸಿ ಹೇಳುತ್ತೇನೆ. ಸಂವಿಧಾನದ 98ನೆಯ ತಿದ್ದುಪಡಿಯ ಮೂಲಕ ಬಂದ ಆ ಅನುಚ್ಛೇದದಿಂದ ನಮ್ಮ ಭಾಗದವರಿಗೆ ರಾಜ್ಯ ಸರ್ಕಾರದ ಹುದ್ದೆಗಳಲ್ಲಿ ಮತ್ತು ಇಲ್ಲಿನ ಶಿಕ್ಷಣ ಸಂಸ್ಥೆಗಳ ಸೀಟುಗಳಲ್ಲಿ ಮೀಸಲು ಸಿಗುತ್ತದೆ. ರಾಷ್ಟ್ರೀಕೃತ ಬ್ಯಾಂಕುಗಳ ನೇಮಕಾತಿಗಾಗಲಿ ಗ್ರಾಮೀಣ ಬ್ಯಾಂಕಿನ ನೇಮಕಾತಿಗಾಗಲಿ ಅದು ಅನ್ವಯಿಸುವುದಿಲ್ಲ. ರಾಜ್ಯ ಸರ್ಕಾರದ ಎಫ್‌ಡಿಎ, ಎಸ್‌ಡಿಎ (ಪ್ರಥಮ, ದ್ವಿತೀಯ ದರ್ಜೆ ಸಹಾಯಕ) ಪರೀಕ್ಷೆಗಳನ್ನೂ ಬರೆಯುವುದಾದರೆ ಆ ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳಿ. ಬ್ಯಾಂಕಿನ ಅರ್ಜಿಗೆ ಅದು ಬೇಕಿಲ್ಲ.

ಬ್ಯಾಂಕಿನ ಅರ್ಜಿಗೆ ಬೇಕಾದದ್ದು ಕೇಂದ್ರದ ನಮೂನೆಯ ಜಾತಿ ಪ್ರಮಾಣಪತ್ರ. ನಮ್ಮ ಮಕ್ಕಳು ಹೆಚ್ಚಾಗಿ ಎಡವುವುದು ಇಲ್ಲಿಯೇ. ನಾಡಕಚೇರಿಯಲ್ಲಿ ಕೊಡುವ 2ಎ, 3ಬಿ ಪ್ರಮಾಣಪತ್ರ ರಾಜ್ಯದ ಪಟ್ಟಿಗೆ ಸೇರಿದ್ದು. ಕೇಂದ್ರದ ಒಬಿಸಿ (ಇತರೆ ಹಿಂದುಳಿದ ವರ್ಗ) ಪಟ್ಟಿ ಬೇರೆಯೇ ಇದೆ, ಒಂದರಲ್ಲಿರುವ ಜಾತಿ ಇನ್ನೊಂದರಲ್ಲಿ ಇಲ್ಲದಿರಬಹುದು. ನಿಮ್ಮ ಜಾತಿ, ಉಪಜಾತಿಯ ಹೆಸರು ಕೇಂದ್ರದ ಪಟ್ಟಿಯಲ್ಲಿದ್ದರೆ ಕೆನೆಪದರಕ್ಕೆ ಸೇರಿಲ್ಲವೆಂಬ ಒಕ್ಕಣೆಯಿರುವ ಒಬಿಸಿ ಪ್ರಮಾಣಪತ್ರವನ್ನು ತಹಶೀಲ್ದಾರರಿಂದ ಕೇಂದ್ರದ ನಮೂನೆಯಲ್ಲಿಯೇ ಪಡೆಯಿರಿ. ಇಲ್ಲದಿದ್ದರೆ, ಕುಟುಂಬದ ವಾರ್ಷಿಕ ಆದಾಯ 8 ಲಕ್ಷಕ್ಕಿಂತ ಕಡಿಮೆಯಿದ್ದು ಜಮೀನಿನ ಮಿತಿಯೂ ಹೊಂದಿದರೆ ಇಡಬ್ಲ್ಯೂಎಸ್ (ಆರ್ಥಿಕವಾಗಿ ಹಿಂದುಳಿದ ವರ್ಗ) ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು. ಅದು ಆಯಾ ಹಣಕಾಸು ವರ್ಷಕ್ಕೆ ಸೀಮಿತವಾದುದರಿಂದ ಹಳೆಯದನ್ನು ಹಿಡಿದುಕೊಂಡು ಹೋಗಬಾರದು. ಅಂಕ ಬಂದು, ದಾಖಲೆ ಪರಿಶೀಲನೆಯ ಮೇಜಿನ ಮುಂದೆ ಕಾಗದ ಸರಿಯಿಲ್ಲದೆ ಹಿಂತಿರುಗಿದ ಮಕ್ಕಳನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹೆಸರಿನ ವಿಷಯವೂ ಹಾಗೆಯೇ. ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ತಂದೆಯ ಪೂರ್ಣ ಹೆಸರು, ಪ್ಯಾನ್‌ನಲ್ಲಿ ಮನೆತನದ ಹೆಸರು, ಹೀಗೆ ಮೂರು ಕಡೆ ಮೂರು ತರಹ ಇರುವುದು ನಮ್ಮಲ್ಲಿ ಸಾಮಾನ್ಯ. ಅಧಿಸೂಚನೆ ಬರುವ ಮುಂಚೆಯೇ ಅದನ್ನು ಸರಿಪಡಿಸಿಕೊಳ್ಳಿ. ಅರ್ಜಿಯ ಜೊತೆ ಅಪ್‌ಲೋಡ್ ಮಾಡುವ ಘೋಷಣೆಯನ್ನು ಇಂಗ್ಲಿಷಿನಲ್ಲಿ ಸ್ವಂತ ಕೈಬರಹದಲ್ಲಿಯೇ ಬರೆಯಬೇಕು, ಪೂರ್ತಿ ದೊಡ್ಡ ಅಕ್ಷರಗಳಲ್ಲಿ ಬರೆಯಬಾರದು. ಸೈಬರ್ ಸೆಂಟರಿನ ಹುಡುಗನ ಕೈಯಲ್ಲಿ ಅದನ್ನು ಬರೆಸಿದರೆ ಮುಂದೆ ಕೈಬರಹ ತಾಳೆಯಾಗದೆ ತೊಂದರೆ.

ಕೊನೆಯದಾಗಿ, ಬಹಳ ಜನ ಗಮನಿಸದ ಮಾತು. ಈಚಿನ ಅಧಿಸೂಚನೆಗಳಲ್ಲಿ, ಕೆಲಸಕ್ಕೆ ಸೇರುವಾಗ ಅಭ್ಯರ್ಥಿಯ ಸಾಲ ಮರುಪಾವತಿಯ ಇತಿಹಾಸ, ಅಂದರೆ ಸಿಬಿಲ್, ಸರಿಯಾಗಿರಬೇಕೆಂಬ ಷರತ್ತು ಸೇರಿದೆ. ಕಂತಿನ ಮೇಲೆ ಫೋನು, ಗಾಡಿ ತೆಗೆದುಕೊಂಡು ಕಟ್ಟುವುದನ್ನು ಮರೆತವರಿಗೆ ಅದು ಅಲ್ಲಿ ಅಡ್ಡ ಬರುತ್ತದೆ.

ಬೀದರ್ ಕಡೆಯ ಮಕ್ಕಳು ಓದುತ್ತಿದ್ದರೆ ಅವರಿಗೂ ಒಂದು ಮಾತು. ಕ್ಲರ್ಕ್ ಪರೀಕ್ಷೆಯಲ್ಲಿ ಒಂದು ಸಲಕ್ಕೆ ಒಂದೇ ರಾಜ್ಯಕ್ಕೆ ಅರ್ಜಿ ಹಾಕಬಹುದು, ಆ ರಾಜ್ಯದ ಭಾಷೆ ಬರಬೇಕು. ಔರಾದ್, ಭಾಲ್ಕಿ ಕಡೆ ಮರಾಠಿಯಲ್ಲಿಯೋ ಉರ್ದುವಿನಲ್ಲಿಯೋ ಓದಿದವರಿದ್ದೀರಿ. ಮರಾಠಿ ಓದಲು ಬರೆಯಲು ಬಲ್ಲವರಿಗೆ ಮಹಾರಾಷ್ಟ್ರವೂ, ತೆಲುಗು ಅಥವಾ ಉರ್ದು ಬಲ್ಲವರಿಗೆ ತೆಲಂಗಾಣವೂ ತೆರೆದಿರುತ್ತವೆ. ಯಾವ ರಾಜ್ಯದಲ್ಲಿ ಎಷ್ಟು ಹುದ್ದೆ ಎಂಬುದನ್ನು ನೋಡಿಕೊಂಡು ಆರಿಸಿಕೊಳ್ಳುವುದು ಜಾಣತನ.

ಉತ್ತರ | ಸ್ಟೇಷನ್ ರಸ್ತೆ, ಕಲಬುರಗಿ

ಹಿರಿಯರು ಹೇಳಿದ್ದರಲ್ಲಿ ನನ್ನ ತಕರಾರಿಲ್ಲ. ಆದರೆ ಸರ್ಕಾರಿ ಬ್ಯಾಂಕ್ ಮಾತ್ರವೇ ಬ್ಯಾಂಕ್ ಎಂಬ ಧೋರಣೆಯನ್ನು ನಾನು ಒಪ್ಪುವುದಿಲ್ಲ. 2017ರಲ್ಲಿ 27 ಇದ್ದ ಸರ್ಕಾರಿ ವಲಯದ ಬ್ಯಾಂಕುಗಳು ವಿಲೀನಗಳಾಗಿ 2020ರ ಹೊತ್ತಿಗೆ 12ಕ್ಕೆ ಇಳಿದವು. ನಮ್ಮ ಭಾಗದಲ್ಲಿ ಊರೂರಿಗೂ ಇದ್ದ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಎಸ್‌ಬಿಐಯಲ್ಲಿ ಸೇರಿಹೋಯಿತು, ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿ ಸೇರಿತು. ಒಂದೇ ಬೀದಿಯಲ್ಲಿ ಎರಡು ಬೋರ್ಡು ಇದ್ದ ಕಡೆ ಈಗ ಒಂದು ಬೋರ್ಡು. ಹೀಗಿರುವಾಗ ವಯಸ್ಸಿನ ಮಿತಿ ಮುಗಿಯುವವರೆಗೆ ಪರೀಕ್ಷೆಯನ್ನೇ ಬರೆಯುತ್ತ ಕೂತು, ಆಮೇಲೆ ಕೈಯಲ್ಲಿ ಒಂದು ದಿನದ ಅನುಭವವೂ ಇಲ್ಲದೆ ಹೊರಗೆ ಬರುವವರ ಗತಿ ಏನು?

ನಾನು ಖಾಸಗಿ ಬ್ಯಾಂಕಿನ ಸೇಲ್ಸ್ ವಿಭಾಗದಿಂದಲೇ ಶುರು ಮಾಡಿ ಈಗ ಶಾಖೆಯೊಳಗಿನ ಆಪರೇಷನ್ಸ್‌ಗೆ ಬಂದಿದ್ದೇನೆ. ಟಾರ್ಗೆಟ್ ಇರುವುದು ನಿಜ, ತಿಂಗಳ ಕೊನೆಯ ವಾರ ಊಟ ರುಚಿಸುವುದಿಲ್ಲ ಎಂಬುದೂ ನಿಜ. ಉಳಿತಾಯ ಖಾತೆ ತೆರೆಸುವುದಷ್ಟೇ ಅಲ್ಲ, ವಿಮೆ ಪಾಲಿಸಿಯನ್ನೂ ಮಾರಬೇಕು. ಆದರೆ ಗಿರಾಕಿಯ ಜೊತೆ ಮಾತಾಡುವುದನ್ನು, ಕೆವೈಸಿ ಕಾಗದ ನೋಡುವುದನ್ನು, ಸಾಲದ ಫೈಲು ಕಟ್ಟುವುದನ್ನು ಕಲಿತದ್ದು ಅಲ್ಲಿಯೇ. ಸೇರುವ ಮುಂಚೆ ಆಫರ್ ಲೆಟರ್ ಬ್ಯಾಂಕಿನ ಹೆಸರಿನಲ್ಲಿದೆಯೋ ಏಜೆನ್ಸಿಯ ಹೆಸರಿನಲ್ಲಿದೆಯೋ ನೋಡಿ. ಆಫ್-ರೋಲ್ ಎಂದರೆ ನೀವು ಬ್ಯಾಂಕಿನ ನೌಕರರಲ್ಲ. ಒಳಗಿನ ಬಡ್ತಿಯ ಮೆಟ್ಟಿಲು ನಿಮಗಿರುವುದಿಲ್ಲ. ನಿಗದಿತ ಸಂಬಳ ಎಷ್ಟು, ಇನ್ಸೆಂಟಿವ್ ಎಷ್ಟು, ಪಿಎಫ್ ಇದೆಯೇ ಎಂಬುದನ್ನು ಬಾಯಿಮಾತಿನಲ್ಲಿ ಬಿಡದೆ ಬರವಣಿಗೆಯಲ್ಲಿ ಕೇಳಿ.

ಮೈಕ್ರೋಫೈನಾನ್ಸ್ ಬಗ್ಗೆ ಮಾತ್ರ ಎರಡು ಸಲ ಯೋಚಿಸಿ. ಬೆಳಿಗ್ಗೆ ಬೇಗ ಹಳ್ಳಿ ಮುಟ್ಟಿ ಸಂಘದ ಮಹಿಳೆಯರನ್ನು ಕೂಡಿಸಿ ಕಂತು ಎಣಿಸಿಕೊಳ್ಳುವುದು ಆ ಕೆಲಸದ ತಿರುಳು. ಕಂತು ಬಾರದ ದಿನ ಮೇಲಿನವರ ಒತ್ತಡವೆಲ್ಲ ಫೀಲ್ಡ್ ಆಫೀಸರ್ ತಲೆಯ ಮೇಲೆ ಬೀಳುತ್ತದೆ. ಕಿರುಕುಳ ಕೊಟ್ಟು ವಸೂಲಿ ಮಾಡುವುದರ ವಿರುದ್ಧ ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದು, 10 ವರ್ಷಗಳವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಎಂದು ಗೊತ್ತುಪಡಿಸಿತು. ಸ್ವಂತ ತಾಲ್ಲೂಕಿನಲ್ಲಿ, ಪರಿಚಯದವರ ಮನೆಯ ಮುಂದೆ ನಿಂತು ಆ ಕೆಲಸ ಮಾಡುವುದು ಹೆಣ್ಣುಮಕ್ಕಳಿಗೆ ಮಾತ್ರವಲ್ಲ, ಯಾರಿಗೂ ಸುಲಭವಲ್ಲ.

ಠೇವಣಿ ಕೇಳಿದವರ ಹತ್ತಿರ ಮತ್ತೆ ಹೋಗಬೇಡಿ. ಐಬಿಪಿಎಸ್ ಅರ್ಜಿ ಶುಲ್ಕ ಸಾಮಾನ್ಯ ವರ್ಗಕ್ಕೂ ಒಬಿಸಿಯವರಿಗೂ 850 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡದವರಿಗೆ 175 ರೂಪಾಯಿ. ಕೆಲಸ ಕೊಡಲು ಅದಕ್ಕೆ ಮೀರಿ ಯಾವ ಸರ್ಕಾರಿ ಬ್ಯಾಂಕೂ ಒಂದು ಪೈಸೆ ಪಡೆಯುವುದಿಲ್ಲ.

ಉತ್ತರ | ಗ್ರಾಮೀಣ ಶಾಖೆ, ಯಾದಗಿರಿ ಜಿಲ್ಲೆ

ಸ್ಟೇಷನ್ ರಸ್ತೆಯವರು ಅನುಭವದ ಬಗ್ಗೆ ಹೇಳಿದ್ದು ಸರಿ. ಆದರೆ ಸೇಲ್ಸ್ ಕೆಲಸ ಹಿಡಿದವರಿಗೆ ಸಂಜೆ ಮನೆಗೆ ಬಂದ ಮೇಲೆ ಮೇನ್ಸ್ ಓದಲು ತ್ರಾಣ ಉಳಿಯುತ್ತದೆಯೇ ಎಂಬುದು ನನ್ನ ಅನುಮಾನ. ನಡುವಿನ ದಾರಿಯೊಂದಿದೆ. ಎಸ್‌ಬಿಐ, ಕೆನರಾ ಮುಂತಾದ ಬ್ಯಾಂಕುಗಳು ಪದವೀಧರರನ್ನು ಒಂದು ವರ್ಷದ ಅಪ್ರೆಂಟಿಸ್ ಆಗಿ ತೆಗೆದುಕೊಳ್ಳುತ್ತವೆ. ಈ ಎರಡರಲ್ಲಿಯೂ ತಿಂಗಳಿಗೆ 15,000 ರೂಪಾಯಿ ಕೊಡುತ್ತ ಬಂದಿದ್ದಾರೆ. ವರ್ಷ ಮುಗಿದ ಮೇಲೆ ಅಲ್ಲಿಯೇ ಕೆಲಸ ಸಿಗುತ್ತದೆಂಬ ಭರವಸೆ ಇಲ್ಲ, ಇದನ್ನು ತಿಳಿದೇ ಸೇರಬೇಕು. ಆದರೂ ಕೌಂಟರಿನ ಒಳಗಿನಿಂದ ಬ್ಯಾಂಕನ್ನು ನೋಡುತ್ತ, ಓದಿಗೂ ಸಮಯ ಉಳಿಸಿಕೊಳ್ಳಬಹುದು. ಮನೆಯವರಿಗೂ ಮಗಳು ಸುಮ್ಮನೆ ಕೂತಿಲ್ಲ ಎಂಬ ಸಮಾಧಾನ.

ಜೇವರ್ಗಿ ಬಿ.ಕಾಂ.

ಎಲ್ಲರಿಗೂ ಅನಂತ ಧನ್ಯವಾದಗಳು. ಗ್ರಾಮೀಣ ಬ್ಯಾಂಕಿನ ಪರೀಕ್ಷೆಗೂ ಅಪ್ರೆಂಟಿಸ್‌ಗೂ ಅರ್ಜಿ ಹಾಕುವುದೆಂದು ನಿರ್ಧರಿಸಿದ್ದೇನೆ, ಮೈಕ್ರೋಫೈನಾನ್ಸ್‌ನವರಿಗೆ ಬೇಡವೆಂದು ತಿಳಿಸುತ್ತೇನೆ. ಇನ್ನೆರಡು ಸಂಶಯಗಳಿವೆ. ಮೇನ್ಸ್‌ನಲ್ಲಿ ನನಗೆ ಕಡಿಮೆ ಬಂದದ್ದು ಸಾಮಾನ್ಯ ಮತ್ತು ಹಣಕಾಸು ಜ್ಞಾನದ ಭಾಗದಲ್ಲಿ. ಕೋಚಿಂಗ್ ಇಲ್ಲದೆ ಅದನ್ನು ಹೇಗೆ ಓದುವುದು? ಮತ್ತೆ, ಬೀದರಿನ ಸರ್ ಸಿಬಿಲ್ ಬಗ್ಗೆ ಬರೆದದ್ದನ್ನು ಓದಿ ಗಾಬರಿಯಾಗಿದೆ. ನಮ್ಮ ಅಣ್ಣನ ಫೋನನ್ನು ನನ್ನ ಹೆಸರಿನಲ್ಲಿ ಕಂತಿನ ಮೇಲೆ ತೆಗೆದುಕೊಂಡಿದ್ದೆವು. ಕಂತುಗಳು ಮುಗಿದಿವೆ, ಆದರೆ ನಡುವೆ ಕೆಲವು ತಡವಾಗಿದ್ದವು.

ಉತ್ತರ | ವಾಚನಾಲಯದ ಓದುಗ, ಸೇಡಂ

ಅಕ್ಕ, ನಾನು ಕ್ಲರ್ಕ್ ಮೇನ್ಸ್ ಮುಗಿಸಿ ಯಾವ ಬ್ಯಾಂಕ್ ಎಂಬ ಹಂಚಿಕೆಗಾಗಿ ಕಾಯುತ್ತಿರುವವನು, ಕೋಚಿಂಗ್‌ಗೆ ಹೋದವನಲ್ಲ. ಗಣಿತಕ್ಕೆ ಗುರುಗಳು ಬೇಕಾಗಬಹುದು. ಹಣಕಾಸು ಜ್ಞಾನಕ್ಕೆ ಧಾರವಾಡದವರೆಗೆ ಹೋಗುವ ಅಗತ್ಯ ಕಾಣುವುದಿಲ್ಲ.

ಪುಸ್ತಕದ ಪಟ್ಟಿಯನ್ನು ಉರು ಹೊಡೆಯುವುದಕ್ಕಿಂತ ಬ್ಯಾಂಕಿನ ಗೋಡೆಯ ಮೇಲಿರುವ ಫಲಕಗಳಿಂದ ಶುರು ಮಾಡಿ ನೋಡಿ. ಅಲ್ಲಿ ಠೇವಣಿ ವಿಮೆ 5 ಲಕ್ಷದವರೆಗೆ ಎಂದು ಬರೆದಿರುತ್ತದೆ. ಕೊಡುವವರು ಯಾರು ಎಂದು ಹುಡುಕಿದರೆ ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆ ಡಿಐಸಿಜಿಸಿ. ಮೊದಲು ಎಷ್ಟಿತ್ತು ಎಂದು ಕೇಳಿಕೊಂಡರೆ 1 ಲಕ್ಷ, 2020ರಲ್ಲಿ ಏರಿತು. ಜನಧನ ಖಾತೆಯ ಪೋಸ್ಟರ್ ಇರುತ್ತದೆ: ಶುರುವಾದದ್ದು 2014ರ ಆಗಸ್ಟ್‌ನಲ್ಲಿ, ಓವರ್‌ಡ್ರಾಫ್ಟ್ ಮಿತಿ 10,000 ರೂಪಾಯಿ. ಪಕ್ಕದಲ್ಲಿ ಮುದ್ರಾ ಸಾಲದ ಶಿಶು, ಕಿಶೋರ, ತರುಣ ಎಂಬ ಮೆಟ್ಟಿಲುಗಳು. 2024ರ ಬಜೆಟ್‌ನ ನಂತರ ಹಿಂದಿನ ಸಾಲ ಸರಿಯಾಗಿ ತೀರಿಸಿದವರಿಗೆ 20 ಲಕ್ಷದವರೆಗೆ ತರುಣ ಪ್ಲಸ್ ಸೇರಿದೆ. ತಂದೆಯವರ ಬೆಳೆಸಾಲದ ಕಾಗದವನ್ನೇ ಎದುರಿಗಿಟ್ಟುಕೊಂಡು ಬಡ್ಡಿ ಎಷ್ಟು, ಸಹಾಯಧನ ಎಷ್ಟು, ಅದು ಆದ್ಯತಾ ವಲಯದ (ಕೃಷಿ, ಸಣ್ಣ ಉದ್ದಿಮೆಯಂತಹ ಕ್ಷೇತ್ರಗಳ) ಸಾಲವೇಕೆ ಎಂದು ಬಿಡಿಸುತ್ತ ಹೋದರೆ, ವಾಣಿಜ್ಯ ಬ್ಯಾಂಕುಗಳು ತಮ್ಮ ಸಾಲದಲ್ಲಿ ಶೇಕಡ 40ನ್ನು ಆ ವಲಯಕ್ಕೆ ಕೊಡಬೇಕೆಂಬ ನಿಯಮ ತಾನಾಗಿ ತಲೆಯಲ್ಲಿ ನಿಲ್ಲುತ್ತದೆ. ರಿಸರ್ವ್ ಬ್ಯಾಂಕಿನ ರೆಪೊ ದರ, ಅಂದರೆ ಅದು ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿದರ, ಬದಲಾದಾಗಲೆಲ್ಲ ಅಂದಿನ ದಿನಪತ್ರಿಕೆಯ ಸುದ್ದಿಯನ್ನು ಕತ್ತರಿಸಿಟ್ಟುಕೊಳ್ಳಿ. ಈ ವಿಭಾಗದಲ್ಲಿ ಲೆಕ್ಕ ಬಿಡಿಸುವುದಿಲ್ಲವಾದ್ದರಿಂದ ಇಲ್ಲಿ ಉಳಿಸಿದ ಸಮಯ, ಗಳಿಸಿದ ಅಂಕ ಎರಡೂ ಲಾಭ.

ತಪ್ಪು ಉತ್ತರಕ್ಕೆ ಕಾಲುಭಾಗ ಅಂಕ ಹೋಗುತ್ತದೆ, ಗೊತ್ತಿಲ್ಲದ್ದನ್ನು ಬಿಟ್ಟುಬಿಡಿ. ಕನ್ನಡದಲ್ಲಿ ಪ್ರಶ್ನೆ ನೋಡುವಾಗ ಕೆಲವು ಕಡೆ ಅನುವಾದ ಬಿಗಿಯಾಗಿ ಅರ್ಥವಾಗದಂತಿರುತ್ತದೆ, ಆಗ ಅದೇ ಪ್ರಶ್ನೆಯ ಇಂಗ್ಲಿಷ್ ರೂಪವನ್ನೂ ನೋಡುವ ಅಭ್ಯಾಸ ಮಾಡಿಕೊಂಡರೆ ಒಳ್ಳೆಯದು. ಅಣಕು ಪರೀಕ್ಷೆಗಳನ್ನು ಕಾಗದದ ಮೇಲಲ್ಲ, ಕಂಪ್ಯೂಟರಿನಲ್ಲಿಯೇ ಗಡಿಯಾರವಿಟ್ಟು ಬರೆಯಿರಿ. ಎಂ.ಕಾಂ. ವಿಷಯ ಯಾರೂ ಹೇಳಲಿಲ್ಲ: ಉಪನ್ಯಾಸಕಿಯಾಗುವ ಮನಸ್ಸಿದ್ದರೆ ಮಾಡಿ, ಕ್ಲರ್ಕ್ ಪರೀಕ್ಷೆಯಲ್ಲಿ ಅದಕ್ಕೆ ಒಂದು ಅಂಕವೂ ಹೆಚ್ಚು ಸಿಗುವುದಿಲ್ಲ.

ಉತ್ತರ | ನಿವೃತ್ತ ವ್ಯವಸ್ಥಾಪಕ, ಬೀದರ್

ಗಾಬರಿಯಾಗಬೇಡಿ ತಂಗಿ. ಕಂತು ತಡವಾಗುವುದಕ್ಕೂ ಸಾಲ ಕಟ್ಟದೆ ಕೈಬಿಡುವುದಕ್ಕೂ ಬಹಳ ವ್ಯತ್ಯಾಸವಿದೆ. ಪ್ರತಿಯೊಂದು ಕ್ರೆಡಿಟ್ ಮಾಹಿತಿ ಸಂಸ್ಥೆಯೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಹಾಗಾಗಿ ಹಣ ಕೇಳುವ ಆ್ಯಪ್‌ಗಳಿಗೆ ಹೋಗದೆ ಸಂಸ್ಥೆಯ ಸ್ವಂತ ಜಾಲತಾಣದಿಂದಲೇ ವರದಿ ತೆಗೆಯಿರಿ. ಅದರಲ್ಲಿ ಆ ಫೋನಿನ ಸಾಲ ಮುಗಿದಿದೆ, ಬಾಕಿ ಸೊನ್ನೆ ಎಂದು ತೋರಿಸುತ್ತಿದೆಯೇ ನೋಡಿ. ಇನ್ನೂ ಬಾಕಿ ಎಂದೇ ಇದ್ದರೆ ಸಾಲ ಕೊಟ್ಟ ಸಂಸ್ಥೆಗೆ ಬರೆದು ತಿದ್ದಿಸಬೇಕು. ವರದಿ ಹೇಗೇ ಇರಲಿ, ಸಾಲ ತೀರಿದೆ ಎಂಬ ಎನ್‌ಒಸಿ ಪತ್ರವನ್ನು ಅವರಿಂದ ಕೇಳಿ ಪಡೆದು ಮಾರ್ಕ್ಸ್ ಕಾರ್ಡುಗಳ ಜೊತೆ ಇಟ್ಟುಕೊಳ್ಳಿ. ಸೇರುವ ದಿನ ಆ ವರದಿಯ ಬಗ್ಗೆ ಪ್ರಶ್ನೆ ಬಂದರೆ ತೋರಿಸಬೇಕಾದ ಕಾಗದ ಅದೇ.